ಬೆರಳು ತಟ್ಟುವ ಪರೀಕ್ಷೆ: ಡಿಕ್ರಿಮೆಂಟ್ ಸರಿಯಾಗಿ ಅಳೆಯುವುದು ಹೇಗೆ? ವೈದ್ಯರ ಸ್ಕೋರಿಗೂ ನಮ್ಮ ಲೆಕ್ಕಕ್ಕೂ ತಾಳೆಯಾಗುತ್ತಿಲ್ಲ

ಬೆರಳ್ಗತಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಪಾರ್ಕಿನ್ಸನ್ ರೋಗಿಗಳಲ್ಲಿ ಬ್ರ್ಯಾಡಿಕೈನೇಸಿಯಾವನ್ನು, ಅಂದರೆ ಚಲನೆ ನಿಧಾನವಾಗುವುದನ್ನು, ಸಂಖ್ಯೆಯಲ್ಲಿ ಹಿಡಿಯಲು ಬೆರಳು ತಟ್ಟುವ ಪರೀಕ್ಷೆ ಬಳಸುತ್ತಿದ್ದೇವೆ. ತೋರುಬೆರಳನ್ನು ಹೆಬ್ಬೆರಳಿಗೆ 10 ಸೆಕೆಂಡ್ ತಟ್ಟಿಸುತ್ತೇವೆ. ಫೋನ್ ಕ್ಯಾಮೆರಾ ಲಂಬವಾಗಿ ನಿಂತಿರುತ್ತದೆ, 1080×1920, ಸೆಕೆಂಡಿಗೆ 30 ಫ್ರೇಮ್. ವಿಡಿಯೊದಲ್ಲಿ ಕೈಯ ಬಿಂದುಗಳನ್ನು ಗುರುತಿಸುವ ಮೀಡಿಯಾಪೈಪ್ ಸಾಫ್ಟ್‌ವೇರ್ ಕೊಡುವ 21 ಬಿಂದುಗಳಲ್ಲಿ 4 ಮತ್ತು 8ನೆಯವುಗಳ, ಅಂದರೆ ಎರಡು ಬೆರಳ ತುದಿಗಳ, ನಡುವಿನ ಅಂತರ ತೆಗೆಯುತ್ತೇವೆ. ನಡುಕದ ಗದ್ದಲ ಕಳೆಯಲೆಂದು 5 ಹರ್ಟ್ಜ್‌ನ ಲೋ-ಪಾಸ್ ಫಿಲ್ಟರ್ (ಸೆಕೆಂಡಿಗೆ 5 ಸಲಕ್ಕಿಂತ ವೇಗದ ಏರಿಳಿತವನ್ನು ತಡೆಯುವಂಥದ್ದು) ಹಾಕಿದ್ದೇವೆ: ನಾಲ್ಕನೇ ಆರ್ಡರ್ ಬಟರ್‌ವರ್ತ್, ಹಿಂದೆ-ಮುಂದೆ ಎರಡೂ ಕಡೆಯಿಂದ. ಆಮೇಲೆ ಪ್ರತಿ ದಾಖಲೆಯನ್ನೂ 0ರಿಂದ 1ಕ್ಕೆ ಸ್ಕೇಲ್ ಮಾಡಿ, ಅಲೆಯ ಆವರ್ತನಗಳನ್ನು ಬಿಡಿಸಿ ತೋರಿಸುವ ಎಫ್‌ಎಫ್‌ಟಿಯಿಂದ ತಟ್ಟುವ ವೇಗ, ನೇರ ರೇಖೆಯ ಇಳಿಜಾರಿನಿಂದ ಡಿಕ್ರಿಮೆಂಟ್ (ತಟ್ಟುತ್ತಾ ಹೋದಂತೆ ಬೆರಳ ತೆರೆಯುವಿಕೆ ಕುಗ್ಗುವುದು) ತೆಗೆಯುತ್ತೇವೆ. ರೋಗಿಗಳು ಲಯ ತಪ್ಪದಿರಲೆಂದು ಪಕ್ಕದಲ್ಲಿ ನಿಂತವರು ಎಣಿಸುತ್ತಿರುತ್ತಾರೆ.

ವೇಗದಲ್ಲಿ ರೋಗಿಗಳೂ ಆರೋಗ್ಯವಂತರೂ ಬಹುಪಾಲು ಒಂದರ ಮೇಲೊಂದು ಬೀಳುತ್ತಿದ್ದಾರೆ. ವ್ಯಾಪ್ತಿಯಲ್ಲಿ, ಅಂದರೆ ಬೆರಳು ಎಷ್ಟು ತೆರೆಯಿತು ಎಂಬುದರಲ್ಲಿ, ವ್ಯತ್ಯಾಸವೇ ಕಾಣುತ್ತಿಲ್ಲ. ವೈದ್ಯರು ತೊಂದರೆ ಹೆಚ್ಚೆಂದು 3 ಅಂಕ ಕೊಟ್ಟ ಕೆಲವರಲ್ಲಿ ಇಳಿಜಾರು ಸೊನ್ನೆಗೆ ಹತ್ತಿರ ಬರುತ್ತಿದೆ. ತಪ್ಪು ಕ್ಯಾಮೆರಾದಲ್ಲೋ ಲೆಕ್ಕದಲ್ಲೋ ಪರೀಕ್ಷೆ ನಡೆಸುವ ಕ್ರಮದಲ್ಲೋ?

ಅಲೆಶೋಧ:

ಮೊದಲು ಫಿಲ್ಟರ್ ನೋಡಿ, ಅರ್ಧ ತೊಂದರೆ ಅಲ್ಲೇ ಇದೆ. ಆರೋಗ್ಯವಂತರು ಜೋರಾಗಿ ತಟ್ಟಿದರೆ ಸೆಕೆಂಡಿಗೆ 4–5 ಸಲ ಆಗುತ್ತದೆ. ಅದು ಸರಿಯಾಗಿ ನಿಮ್ಮ ಕಟ್‌ಆಫ್ ಮೇಲೆಯೇ ಕೂತಿದೆ. ಬಟರ್‌ವರ್ತ್ ಫಿಲ್ಟರನ್ನು ಎರಡು ಕಡೆಯಿಂದ ಓಡಿಸಿದಾಗ ಕಟ್‌ಆಫ್ ಆವರ್ತನದಲ್ಲಿ ವ್ಯಾಪ್ತಿ ಅರ್ಧಕ್ಕೆ ಇಳಿಯುತ್ತದೆ. ನಿಮ್ಮ ಆರ್ಡರಿಗೆ ಲೆಕ್ಕ ಹಾಕಿದರೆ 5 ಹರ್ಟ್ಜ್‌ನಲ್ಲಿ ತಟ್ಟಿದವರ ಅಂತರ ಶೇ. 50ರಷ್ಟು, 4 ಹರ್ಟ್ಜ್‌ನವರದು ಸುಮಾರು ಶೇ. 14ರಷ್ಟು ಹೋಗುತ್ತದೆ. 2 ಹರ್ಟ್ಜ್‌ನಲ್ಲಿ ನಿಧಾನವಾಗಿ ತಟ್ಟುವ ರೋಗಿಯದು ಹಾಗೇ ಉಳಿಯುತ್ತದೆ. ಚುರುಕಾಗಿರುವವರ ಕೈಯನ್ನು ನಿಮ್ಮ ಫಿಲ್ಟರೇ ಕುಗ್ಗಿಸಿ ರೋಗಿಗಳ ಸಾಲಿಗೆ ತಂದು ನಿಲ್ಲಿಸುತ್ತಿದೆ.

ಇನ್ನೂ ಕೆಟ್ಟದ್ದೆಂದರೆ ಇದು ಡಿಕ್ರಿಮೆಂಟನ್ನೂ ಸುಳ್ಳು ಮಾಡುತ್ತದೆ. ತಟ್ಟುತ್ತಾ ವೇಗ ಏರಿಸಿಕೊಂಡವರಲ್ಲಿ ಇಲ್ಲದ ಕುಗ್ಗುವಿಕೆ ಕಾಣುತ್ತದೆ. ವೇಗ ಕಳೆದುಕೊಂಡವರಲ್ಲಿ ಇರುವ ಕುಗ್ಗುವಿಕೆ ಮುಚ್ಚಿಹೋಗುತ್ತದೆ.

ನಡುಕ ಕಳೆಯಲು ಫಿಲ್ಟರ್ ಎಂಬ ಯೋಚನೆಯನ್ನೇ ಬಿಡಿ. ಪಾರ್ಕಿನ್ಸನ್ ವಿಶ್ರಾಂತಿ ನಡುಕದ ಆವರ್ತನ 4–6 ಹರ್ಟ್ಜ್, ತಟ್ಟುವ ಆವರ್ತನವೂ ಅದೇ ಪಟ್ಟಿಯಲ್ಲಿದೆ. ಒಂದನ್ನು ತೆಗೆದರೆ ಇನ್ನೊಂದೂ ಹೋಗುತ್ತದೆ. ಎಫ್‌ಎಫ್‌ಟಿಯ ಶಿಖರ ತಟ್ಟುವುದರದ್ದೋ ನಡುಕದ್ದೋ ಎಂಬುದೂ ಹೇಳಲಾಗದು. ಪ್ರತಿ ತಟ್ಟನ್ನೂ ಬಿಡಿಬಿಡಿಯಾಗಿ ಗುರುತಿಸಿ: ಮುಚ್ಚಿದ ತಗ್ಗು, ತೆರೆದ ಶಿಖರ, ಮತ್ತೆ ತಗ್ಗು. ಶಿಖರಕ್ಕೆ ಒಂದು ಕನಿಷ್ಠ ಎತ್ತರ ಇಡಿ. ಆದರೆ ಅದನ್ನು ತೀರಾ ಮೇಲೆ ಇಟ್ಟರೆ ಕೊನೆಯ ಚಿಕ್ಕ ತಟ್ಟುಗಳೇ ಬಿದ್ದುಹೋಗುತ್ತವೆ, ನಿಮಗೆ ಬೇಕಾದದ್ದು ಅವೇ. ಆ ದಾಖಲೆಯ ಮೊದಲ ತಟ್ಟುಗಳ ಶೇ. 10ರ ಆಸುಪಾಸಿನಿಂದ ಶುರು ಮಾಡಿ, ವಿಡಿಯೊ ನೋಡಿ ಹೊಂದಿಸಿಕೊಳ್ಳಿ.

ಎರಡನೆಯದು, ಮೀಡಿಯಾಪೈಪ್ ಕೊಡುವ ಸಂಖ್ಯೆ. ಅದರ ಎಕ್ಸ್ ಮೌಲ್ಯ ಚಿತ್ರದ ಅಗಲದಿಂದ, ವೈ ಮೌಲ್ಯ ಎತ್ತರದಿಂದ ಭಾಗಿಸಿದ್ದು. ನಿಮ್ಮ ಚೌಕಟ್ಟಿನಲ್ಲಿ ಎಕ್ಸ್‌ನ 0.1 ಎಂದರೆ 108 ಪಿಕ್ಸೆಲ್, ವೈನ 0.1 ಎಂದರೆ 192 ಪಿಕ್ಸೆಲ್. ಹಾಗೇ ಅಂತರ ತೆಗೆದರೆ, ಕೈ ಅಡ್ಡ ಇದೆಯೋ ನೆಟ್ಟಗಿದೆಯೋ ಎಂಬುದರ ಮೇಲೆ ಒಂದೇ ತೆರೆಯುವಿಕೆ 1.78 ಪಟ್ಟಿನವರೆಗೂ ಬೇರೆಯಾಗುತ್ತದೆ. ಮೊದಲು ಅಗಲ, ಎತ್ತರಗಳಿಂದ ಗುಣಿಸಿ ಪಿಕ್ಸೆಲಿಗೆ ತನ್ನಿ. ಆಮೇಲೆ ಅಂತರದ ಬದಲು ಕೋನ ತೆಗೆಯಿರಿ: ಮಣಿಕಟ್ಟಿನ ಬಿಂದು 0, ಅಲ್ಲಿಂದ 4 ಮತ್ತು 8ಕ್ಕೆ ಎಳೆದ ಎರಡು ಗೆರೆಗಳ ನಡುವಿನ ಕೋನ. ಕ್ಯಾಮೆರಾಗೆ ಕೈ ಹತ್ತಿರ ಬಂದರೂ ದೂರ ಹೋದರೂ ಕೋನ ಅಷ್ಟಾಗಿ ಅಲುಗುವುದಿಲ್ಲ. ಆಳದ ಜ಼ೆಡ್ ಮೌಲ್ಯವನ್ನು ನಂಬಬೇಡಿ.

0–1 ಸ್ಕೇಲ್ ಮಾಡುವುದನ್ನು ಇವತ್ತೇ ತೆಗೆದುಹಾಕಿ. ಪೂರ್ತಿ ತೆರೆದವನ ಕೈಯನ್ನೂ ಕಾಲುಭಾಗ ತೆರೆದವನ ಕೈಯನ್ನೂ ಅದು ಒಂದೇ ಮಾಡಿಬಿಡುತ್ತದೆ. ವ್ಯಾಪ್ತಿಯಲ್ಲಿ ವ್ಯತ್ಯಾಸ ಕಾಣದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಇನ್ನು ಫ್ರೇಮ್ ದರ. 5 ಹರ್ಟ್ಜ್ ತಟ್ಟಿಗೆ 30 ಫ್ರೇಮ್ ಎಂದರೆ ಒಂದು ಸುತ್ತಿಗೆ ಆರೇ ಚಿತ್ರ. ಶಿಖರ ಎರಡು ಫ್ರೇಮ್‌ಗಳ ನಡುವೆ ಬಿದ್ದರೆ, ಸೈನ್ ಅಲೆ ಎಂದುಕೊಂಡರೂ, ವ್ಯಾಪ್ತಿಯಲ್ಲಿ ಶೇ. 7ರವರೆಗೆ ನಷ್ಟ. 60 ಫ್ರೇಮ್‌ಗೆ ಅದು ಶೇ. 2ರೊಳಗೆ ಬರುತ್ತದೆ, 120ಕ್ಕೆ ಲೆಕ್ಕಕ್ಕಿಲ್ಲ. ಕನಿಷ್ಠ 60 ಇರಲಿ. ಮಂದ ಬೆಳಕಿನಲ್ಲಿ ಫೋನು ತಾನಾಗಿಯೇ ದರ ಇಳಿಸುತ್ತದೆ, ಆದ್ದರಿಂದ ಫೈಲಿನಲ್ಲಿ ಹೆಸರಿಗಷ್ಟೇ ಬರೆದ ದರವನ್ನು ನಂಬದೆ ಪ್ರತಿ ಫ್ರೇಮಿನ ಸಮಯಮುದ್ರೆ ಓದಿ, ಸಮ ಅಂತರಕ್ಕೆ ಇಂಟರ್‌ಪೊಲೇಟ್ ಮಾಡಿ, ಆಮೇಲಷ್ಟೇ ಫಿಲ್ಟರ್ ಹಾಕಿ. 60 ಫ್ರೇಮ್‌ಗೆ 12–15 ಹರ್ಟ್ಜ್ ಕಟ್‌ಆಫ್ ಸಾಕು. ಸ್ಲೋ ಮೋಷನ್ ಬಳಸುವುದಾದರೆ ಎಚ್ಚರ: ಕೆಲವು ಫೈಲುಗಳು 120ರಲ್ಲಿ ಹಿಡಿದದ್ದನ್ನು 30ರಲ್ಲಿ ಆಡಿಸುವಂತೆ ಉಳಿಯುತ್ತವೆ, 10 ಸೆಕೆಂಡಿನ ದಾಖಲೆ 40 ಸೆಕೆಂಡಾಗಿ ಕಾಣುತ್ತದೆ.

ಎಕ್ಸ್‌ಪೋಷರ್ 1/500 ಸೆಕೆಂಡಿಗಿಂತ ಕಡಿಮೆ ಇಡಿ. ಬೆರಳ ತುದಿ ಸೆಕೆಂಡಿಗೆ ಒಂದು ಮೀಟರಿಗೂ ಮಿಕ್ಕಿ ಓಡುತ್ತದೆ. 1/60ರಲ್ಲಿ ತೆಗೆದರೆ ತುದಿ ಸುಮಾರು 2 ಸೆಂಟಿಮೀಟರ್ ಉದ್ದ ಸವರಿಹೋಗುತ್ತದೆ, ಬಿಂದು ಎಲ್ಲಿ ಕೂರಬೇಕೆಂದು ಪಾಪ ಸಾಫ್ಟ್‌ವೇರಿಗಾದರೂ ಹೇಗೆ ಗೊತ್ತಾಗಬೇಕು?

ನಿಧಾನಗತಿ:

ಸಿಗ್ನಲ್ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ಸೇರಿಸುವಂಥದ್ದಿಲ್ಲ. ನಾನು ಪರೀಕ್ಷೆಯ ಬಗ್ಗೆ ಹೇಳುತ್ತೇನೆ.

ಬ್ರ್ಯಾಡಿಕೈನೇಸಿಯಾ ಎಂದರೆ ಬರೀ ನಿಧಾನ ಅಲ್ಲ. 2015ರ ಎಂಡಿಎಸ್ (ಚಲನೆಯ ಕಾಯಿಲೆಗಳ ತಜ್ಞರ ಅಂತರರಾಷ್ಟ್ರೀಯ ಸಂಘ) ರೋಗನಿರ್ಣಯ ಮಾನದಂಡ ಕೇಳುವುದು ಎರಡನ್ನು: ಚಲನೆ ನಿಧಾನವಾಗಿರಬೇಕು, ಜೊತೆಗೆ ಮುಂದುವರಿದಂತೆ ವ್ಯಾಪ್ತಿಯೋ ವೇಗವೋ ಕುಗ್ಗುತ್ತಾ ಹೋಗಬೇಕು ಅಥವಾ ತಡವರಿಕೆ, ನಿಲುಗಡೆ ಹೆಚ್ಚಬೇಕು. ವಯಸ್ಸಾದವರು, ಖಿನ್ನತೆ ಇರುವವರು, ಬೆರಳ ಸಂಧಿವಾತ ಇರುವವರು ಎಲ್ಲರೂ ನಿಧಾನವಾಗಿ ತಟ್ಟುತ್ತಾರೆ. ಸರಾಸರಿ ವೇಗದಲ್ಲಿ ಗುಂಪುಗಳು ಬೆರೆತುಹೋಗುವುದು ಸಹಜ, ಅದರಿಂದ ಬೇಸರಪಡಬೇಡಿ.

ಎಂಡಿಎಸ್-ಯುಪಿಡಿಆರ್‌ಎಸ್‌ನ 3.4ರಲ್ಲಿ, ಅಂದರೆ ವೈದ್ಯರ ಅಂಕ ಮಾಪಕದ ಬೆರಳು ತಟ್ಟುವ ಭಾಗದಲ್ಲಿ, ಅಂಕ ಹೇಗೆ ಬೀಳುತ್ತದೆ ನೋಡಿ. 10 ತಟ್ಟುಗಳಲ್ಲಿ ಒಂದೆರಡು ತಡೆ, ಅಲ್ಪ ನಿಧಾನ, ಕೊನೆಯ ಹೊತ್ತಿಗೆ ಕುಗ್ಗುವಿಕೆ, ಇವುಗಳಲ್ಲಿ ಯಾವುದಿದ್ದರೂ 1. ಮೂರರಿಂದ ಐದು ತಡೆ ಅಥವಾ ನಡುವಿನಲ್ಲೇ ಕುಗ್ಗುವಿಕೆ ಇದ್ದರೆ 2. ಐದಕ್ಕಿಂತ ಹೆಚ್ಚು ತಡೆ, ಇಲ್ಲವೇ ಒಂದಾದರೂ ದೀರ್ಘ ನಿಲುಗಡೆ, ಇಲ್ಲವೇ ಮೊದಲ ತಟ್ಟಿನ ಬೆನ್ನಿಗೇ ಕುಗ್ಗುವಿಕೆ ಇದ್ದರೆ 3. ಎಂದರೆ ಒಬ್ಬರಿಗೆ ನಿಲುಗಡೆಯಿಂದ 3 ಬಂದಿರಬಹುದು, ಇನ್ನೊಬ್ಬರಿಗೆ ಕುಗ್ಗುವಿಕೆಯಿಂದ. ನಿಮ್ಮ ಒಂದೇ ಇಳಿಜಾರು ಇವೆರಡಕ್ಕೂ ತಾಳೆಯಾಗಬೇಕೆಂದು ಬಯಸುವುದು ತರವಲ್ಲ. ವೇಗ, ವ್ಯಾಪ್ತಿ, ಕುಗ್ಗುವಿಕೆ, ತಡೆಗಳ ಎಣಿಕೆ, ನಾಲ್ಕನ್ನೂ ಬೇರೆ ಬೇರೆಯಾಗಿ ತೆಗೆಯಿರಿ. ಅಂಕವನ್ನೂ ಒಬ್ಬರೇ ಹಾಕುವುದು ಬೇಡ. ಇಬ್ಬರು ವೈದ್ಯರು ವಿಡಿಯೊ ನೋಡಿ, ಔಷಧಿ ಸ್ಥಿತಿ ಗೊತ್ತಿಲ್ಲದೆ, ಕಲಸಿದ ಕ್ರಮದಲ್ಲಿ ಹಾಕಲಿ. ಅವರಿಬ್ಬರಲ್ಲೇ ಎಷ್ಟು ಹೊಂದಿಕೆ ಇದೆಯೋ ಅದಕ್ಕಿಂತ ಹೆಚ್ಚಿನದನ್ನು ಯಂತ್ರದಿಂದ ಕೇಳುವುದರಲ್ಲಿ ಅರ್ಥವಿಲ್ಲ.

ಪಕ್ಕದಲ್ಲಿ ನಿಂತು ಎಣಿಸುವುದನ್ನು ದಯವಿಟ್ಟು ನಿಲ್ಲಿಸಿ. ಇದು ಸಣ್ಣ ವಿಷಯವಲ್ಲ. ಹೊರಗಿನಿಂದ ಬರುವ ಲಯ ಸಿಕ್ಕ ಕೂಡಲೇ ಅನೇಕ ರೋಗಿಗಳ ಚಲನೆ ಸುಧಾರಿಸುತ್ತದೆ. ನೆಲದ ಮೇಲೆ ಎಳೆದ ಗೆರೆಗಳನ್ನು ದಾಟುತ್ತಾ ಸರಾಗ ನಡೆಯುವವರು ಬರೀ ನೆಲದಲ್ಲಿ ಹೆಪ್ಪುಗಟ್ಟಿ ನಿಲ್ಲುವುದೂ ಇದೇ ಕಾರಣಕ್ಕೆ. ನೀವು ಅಳೆಯಬೇಕಾಗಿರುವುದು ಒಳಗಿನಿಂದ ಹುಟ್ಟುವ ಚಲನೆ. ಎಣಿಸಿದರೆ ರೋಗವನ್ನೇ ಮರೆಮಾಡಿದಂತೆ. ತೋರಿಸಿಕೊಡುವವರೂ ಒಮ್ಮೆ ಮಾಡಿ ತೋರಿಸಿ ಕೈ ಕೆಳಗಿಡಬೇಕು, ರೋಗಿಯ ಜೊತೆ ತಟ್ಟುತ್ತಾ ಕೂರಬಾರದು.

ಸೂಚನೆಯ ಮಾತು ಎಲ್ಲರಿಗೂ ಅಕ್ಷರಶಃ ಒಂದೇ ಇರಲಿ: “ಎಷ್ಟು ಅಗಲವಾಗಿ ಆಗುತ್ತದೋ ಅಷ್ಟು ಅಗಲವಾಗಿ, ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ತಟ್ಟಿ.” ಬರೀ ಬೇಗ ಎಂದರೆ ಆರೋಗ್ಯವಂತರೂ ಬೆರಳನ್ನು ಚಿಕ್ಕದಾಗಿ ತೆರೆದು ಓಡಿಸುತ್ತಾರೆ. 15 ಸೆಕೆಂಡಿನ ದಾಖಲೆ, ಪ್ರತಿ ಕೈಗೆ ಮೂರು, ನಡುವೆ ಒಂದು ನಿಮಿಷ ವಿರಾಮ, ಎಡ-ಬಲ ಸರದಿಯಲ್ಲಿ. ರೋಗ ಒಂದು ಬದಿಯಿಂದ ಶುರುವಾಗುವುದರಿಂದ ಎರಡು ಕೈಗಳ ಸರಾಸರಿ ತೆಗೆಯಬೇಡಿ.

ಔಷಧಿಯ ವಿಷಯ. ರಾತ್ರಿಯಿಂದ ಲೆವೊಡೋಪಾ (ಮಿದುಳಿನಲ್ಲಿ ಡೋಪಮೈನ್ ಆಗುವ ಮುಖ್ಯ ಔಷಧಿ) ಬಿಟ್ಟು 12 ಗಂಟೆಯ ಮೇಲೆ ನೋಡುವುದನ್ನು ಆಫ್, ಔಷಧಿ ಕೆಲಸ ಮಾಡುತ್ತಿರುವಾಗ ನೋಡುವುದನ್ನು ಆನ್ ಎನ್ನುವುದು ವಾಡಿಕೆ. ಆದರೆ ಲೆವೊಡೋಪಾಕ್ಕೆ ದಿನಗಟ್ಟಲೆ ನಿಧಾನವಾಗಿ ಇಳಿಯುವ ಒಂದು ದೀರ್ಘ ಪರಿಣಾಮವೂ ಇದೆ. ಡೋಪಮೈನಿನಂತೆ ಕೆಲಸ ಮಾಡುವ, ನಿಧಾನ ಬಿಡುಗಡೆಯ ಡೋಪಮೈನ್ ಅಗೊನಿಸ್ಟ್‌ಗಳು 12 ಗಂಟೆಗೆ ಕರಗುವುದಿಲ್ಲ. ರಾಸಾಜಿಲಿನ್ ಎಂಬ ಔಷಧಿ ಡೋಪಮೈನ್ ಒಡೆಯುವ ಕಿಣ್ವವನ್ನು ಮರಳದಂತೆ ಕಟ್ಟಿಹಾಕುವುದರಿಂದ ಒಂದು ರಾತ್ರಿ ಬಿಟ್ಟರೆ ಏನೂ ಆಗುವುದಿಲ್ಲ. ಕಡೆಯ ಡೋಸ್ ಯಾವುದು, ಎಷ್ಟು, ಯಾವಾಗ ಎಂಬುದನ್ನು ಪ್ರತಿಯೊಬ್ಬರಿಗೂ ಬರೆದಿಡಿ. ಔಷಧಿ ಬಿಡಿಸುವುದು ಚಿಕಿತ್ಸೆ ನೀಡುವ ವೈದ್ಯರ ನಿರ್ಧಾರದಿಂದ, ಅವರ ನಿಗಾದಲ್ಲೇ ಆಗಬೇಕು. ದಿಢೀರನೆ ನಿಲ್ಲಿಸಿದಾಗ ತೀವ್ರ ಜ್ವರ, ಸ್ನಾಯುಬಿಗಿತದ ಅಪಾಯಕರ ಸ್ಥಿತಿ ಬಂದ ಉದಾಹರಣೆಗಳಿವೆ. ಆನ್ ದಾಖಲೆಯನ್ನು ಡೋಸ್ ಕೊಟ್ಟ ಸುಮಾರು ಒಂದು ಗಂಟೆಗೆ ಮಾಡಿ. ಅದಕ್ಕೆ ಮುಂಚೆ ಪ್ರೋಟೀನ್ ಹೆಚ್ಚಿರುವ ಊಟ ಬೇಡ, ಅಮೈನೊ ಆಮ್ಲಗಳು ಲೆವೊಡೋಪಾದ ದಾರಿಯಲ್ಲೇ ನುಗ್ಗಲು ಪೈಪೋಟಿ ಮಾಡುತ್ತವೆ.

ಮತ್ತೊಂದು ಮಾತು: ಬೆರಳು ಶುರುವಿನಿಂದಲೇ ಬಹಳ ಚಿಕ್ಕದಾಗಿ ತೆರೆದು, ಕೊನೆಯವರೆಗೂ ಹಾಗೇ ಉಳಿದರೆ, ಕುಗ್ಗುವಿಕೆ ಇಲ್ಲವೆಂದು ಆರೋಗ್ಯವಂತರ ಕಡೆಗೆ ಹಾಕಬೇಡಿ. ಪಾರ್ಕಿನ್ಸನ್‌ನಂತೆ ತೋರುವ ಬೇರೊಂದು ರೋಗವಾದ ಪ್ರೋಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿಯಲ್ಲಿ ಕಾಣುವ ಚಿತ್ರ ಅದು. ರೋಗನಿರ್ಣಯವನ್ನು ಇನ್ನೊಮ್ಮೆ ನೋಡಲು ವೈದ್ಯರಿಗೆ ಹೇಳಿ.

ಬೆರಳ್ಗತಿ:

ಇಬ್ಬರಿಗೂ ಧನ್ಯವಾದ. ಎಣಿಸುವುದನ್ನು ನಿಲ್ಲಿಸುತ್ತೇವೆ, 60 ಫ್ರೇಮ್‌ಗೆ ಬದಲಾಯಿಸುತ್ತೇವೆ. ಇನ್ನೆರಡು ಪ್ರಶ್ನೆ. ತೋರುಬೆರಳಿನ ಮೇಲೆ ಒಂದು ಸೆನ್ಸರ್ ಕೂಡ ಇದೆ, ಅದರ ಗೈರೊದ (ತಿರುಗುವ ವೇಗ ಅಳೆಯುವ ಭಾಗದ) ಮಿತಿ ಸೆಕೆಂಡಿಗೆ ±500 ಡಿಗ್ರಿ. ಅದರ ಆಕ್ಸೆಲೆರೊಮೀಟರನ್ನು (ವೇಗೋತ್ಕರ್ಷ ಅಳೆಯುವ ಭಾಗವನ್ನು) ಎರಡು ಸಲ ಇಂಟಿಗ್ರೇಟ್ ಮಾಡಿ ಅಂತರ ತೆಗೆದರೆ ಬೆಟ್ಟದಷ್ಟು ಸಂಖ್ಯೆ ಬರುತ್ತದೆ. ಮತ್ತು ನಡುವೆ ಕೈ ನಿಂತುಹೋದವರಲ್ಲಿ ಇಳಿಜಾರನ್ನು ಹೇಗೆ ಹಾಕುವುದು?

ಗೈರೊಕೋನ:

ಆಕ್ಸೆಲೆರೊಮೀಟರಿನಿಂದ ಅಂತರ ಬರುವುದಿಲ್ಲ, ಆ ದಾರಿ ಬಿಡಿ. ಕೇವಲ 0.01 ಜಿ ತಪ್ಪು ಉಳಿದರೂ 10 ಸೆಕೆಂಡಿಗೆ ಸುಮಾರು 5 ಮೀಟರ್ ಜಾರುತ್ತದೆ. ಬೆರಳು ತಿರುಗಿದಂತೆ ಗುರುತ್ವದ ಪಾಲು ಅಕ್ಷದಿಂದ ಅಕ್ಷಕ್ಕೆ ಹೋಗುವುದರಿಂದ ತಪ್ಪು 0.01ಕ್ಕಿಂತ ಎಷ್ಟೋ ದೊಡ್ಡದಿರುತ್ತದೆ.

ಗೈರೊ ಒಳ್ಳೆಯದು, ಆದರೆ ಮಿತಿ ಸಾಲದು. 60 ಡಿಗ್ರಿ ತೆರೆದು 4 ಹರ್ಟ್ಜ್‌ನಲ್ಲಿ ತಟ್ಟಿದರೆ ಗರಿಷ್ಠ ಕೋನವೇಗ ಸೆಕೆಂಡಿಗೆ 750 ಡಿಗ್ರಿ ಮುಟ್ಟುತ್ತದೆ, ಮುಚ್ಚುವ ಹೊಡೆತದಲ್ಲಿ ಇನ್ನೂ ಮೇಲೆ. ನಿಮ್ಮ ಸೆನ್ಸರ್ 500ಕ್ಕೆ ಚಪ್ಪಟೆಯಾಗುತ್ತದೆ. ಕಚ್ಚಾ ದತ್ತಾಂಶ ತೆರೆದು ನೋಡಿ, ಶಿಖರಗಳ ತಲೆ ಕತ್ತರಿಸಿದಂತೆ ಸಮತಟ್ಟಾಗಿರುತ್ತದೆ. ಚುರುಕಾದವರಲ್ಲಿ ಮಾತ್ರ ಹೀಗಾಗುವುದರಿಂದ ಇಲ್ಲೂ ಆರೋಗ್ಯವಂತರ ಕೈಯೇ ಕುಗ್ಗುತ್ತದೆ. ±2000ಕ್ಕೆ ಏರಿಸಿ, ಸೆಕೆಂಡಿಗೆ 200 ಮಾದರಿ ತೆಗೆಯಿರಿ. ಬ್ಲೂಟೂತ್‌ನಲ್ಲಿ ಪ್ಯಾಕೆಟ್ ಬಂದ ಸಮಯ ಬಳಸಬೇಡಿ, ಅವು ಗೊಂಚಲು ಗೊಂಚಲಾಗಿ ಬರುತ್ತವೆ. ಸೆನ್ಸರಿನ ಒಳಗಡಿಯಾರದ ಮುದ್ರೆ ಬೇಕು.

ಹೆಬ್ಬೆರಳ ಮೇಲೂ ಒಂದು ಸೆನ್ಸರ್ ಅಂಟಿಸಿ, ಎರಡರ ವ್ಯತ್ಯಾಸ ತೆಗೆಯಿರಿ. ಇಡೀ ಕೈ ನಡುಗಿದರೆ ಅಥವಾ ಮಣಿಕಟ್ಟು ತಿರುಗಿದರೆ ಅದು ಎರಡರಲ್ಲೂ ಇರುತ್ತದೆ, ಬಹುಪಾಲು ಕಳೆದುಹೋಗುತ್ತದೆ. ಎರಡರ ಅಕ್ಷಗಳು ಒಂದೇ ದಿಕ್ಕಿಗೆ ಇರುವುದಿಲ್ಲ, ಹಾಗಾಗಿ ಮೊದಲು ಕೈಯನ್ನು ಮುಷ್ಟಿ ಕಟ್ಟಿಸಿ ಇಡಿಯಾಗಿ ಮೂರು ದಿಕ್ಕಿಗೆ ತಿರುಗಿಸಿ ಹೊಂದಿಸಿಕೊಳ್ಳಬೇಕು. ಶುರುವಿನಲ್ಲಿ ಎರಡು ಸೆಕೆಂಡ್ ಕೈಯನ್ನು ಮೇಜಿನ ಮೇಲೆ ಅಲುಗದಂತೆ ಇಡಿಸಿ ಗೈರೊ ಬಯಾಸ್ (ಅಲುಗದಿದ್ದರೂ ತೋರಿಸುವ ತಪ್ಪು ಅಳತೆ) ಕಳೆಯಿರಿ. ಬಯಾಸ್ ಸೆಕೆಂಡಿಗೆ ಒಂದೇ ಡಿಗ್ರಿ ಉಳಿದರೂ 10 ಸೆಕೆಂಡಿಗೆ 10 ಡಿಗ್ರಿ. ಆದ್ದರಿಂದ ಬೆರಳು ಮುಚ್ಚಿದ ಪ್ರತಿ ಕ್ಷಣಕ್ಕೂ ಕೋನವನ್ನು ಸೊನ್ನೆಗೆ ಮರಳಿಸಿ. ಮುಚ್ಚಿದ್ದನ್ನು ಹಿಡಿಯಲು ಆಕ್ಸೆಲೆರೊಮೀಟರಿನ ಹೊಡೆತದ ಮುಳ್ಳು ಚೆನ್ನಾಗಿ ಒದಗುತ್ತದೆ. ಒಂದೇ ತೊಡಕೆಂದರೆ ರೋಗ ಹೆಚ್ಚಿದವರು ಕೊನೆಕೊನೆಗೆ ಪೂರ್ತಿ ಮುಚ್ಚುವುದೇ ಇಲ್ಲ. ಅಲ್ಲಿ ಸೊನ್ನೆ ಎಂದುಕೊಳ್ಳದೆ ತಗ್ಗಿನಿಂದ ಶಿಖರಕ್ಕೆ ಅಳೆಯಿರಿ. ವಿಡಿಯೊದಲ್ಲೂ ಇದೇ ನಿಯಮ.

ಇಳಿಜಾರಿನ ವಿಷಯಕ್ಕೆ ಬಂದರೆ, ನಿಂತು ಮತ್ತೆ ಶುರು ಮಾಡಿದವರು ಸಾಮಾನ್ಯವಾಗಿ ದೊಡ್ಡ ತೆರೆಯುವಿಕೆಯಿಂದ ಶುರು ಮಾಡುತ್ತಾರೆ. ವ್ಯಾಪ್ತಿಯ ಗ್ರಾಫ್ ಗರಗಸದ ಹಲ್ಲಿನಂತೆ ಕಾಣುತ್ತದೆ: ಇಳಿಯಿತು, ನಿಂತಿತು, ಹಾರಿತು, ಮತ್ತೆ ಇಳಿಯಿತು. ಅದರ ಮೇಲೆ ಒಂದೇ ರೇಖೆ ಎಳೆದರೆ ಸೊನ್ನೆಯೇ ಬರಬೇಕು. ನಿಮ್ಮ 3 ಅಂಕದವರಲ್ಲಿ ಬಹುಶಃ ಆಗಿರುವುದು ಇದೇ. ಎರಡು ಮುಚ್ಚುವಿಕೆಗಳ ನಡುವಿನ ಸಮಯ ಆ ದಾಖಲೆಯ ಮಧ್ಯಾಂಕದ ಎರಡು ಪಟ್ಟಿಗಿಂತ ಹೆಚ್ಚಾದ ಕಡೆ ತುಂಡು ಮಾಡಿ, ಪ್ರತಿ ತುಂಡಿಗೂ ಬೇರೆ ಇಳಿಜಾರು ಹಾಕಿ. ಐದು ತಟ್ಟಿಗಿಂತ ಚಿಕ್ಕ ತುಂಡು ಬಿಡಿ, ಆದರೆ ಎಷ್ಟು ಬಿಟ್ಟಿರಿ ಎಂಬುದನ್ನು ಬರೆದಿಡಿ.

ಇಳಿಜಾರನ್ನು ವ್ಯಾಪ್ತಿಯ ಲಾಗರಿದಮ್ ಮೇಲೆ, ತಟ್ಟಿನ ಕ್ರಮಸಂಖ್ಯೆಗೆ ಎದುರಾಗಿ ಹಾಕಿ. −0.03 ಬಂದರೆ ತಟ್ಟಿಗೆ ಸುಮಾರು ಶೇ. 3 ಕಡಿಮೆಯಾಗುತ್ತಿದೆ ಎಂದರ್ಥ, ಹತ್ತು ತಟ್ಟಿಗೆ ಕಾಲುಭಾಗ ಹೋಯಿತು. ಸಮಯಕ್ಕೆ ಎದುರಾಗಿ ಹಾಕಿದರೆ 10 ಸೆಕೆಂಡಿಗೆ 20 ಸಲ ತಟ್ಟಿದವರನ್ನೂ 45 ಸಲ ತಟ್ಟಿದವರನ್ನೂ ಹೋಲಿಸಲಾಗದು. ಮೊದಲ ತಟ್ಟನ್ನು ಕೈಬಿಡಿ, ಅದು ಮುಚ್ಚಿದ ಕೈಯಿಂದ ಹೊರಟ ಅರ್ಧ ಚಲನೆ. ಲೀಸ್ಟ್ ಸ್ಕ್ವೇರ್ಸ್ ಬದಲು ಥೀಲ್-ಸೆನ್ (ಬಿಂದುಜೋಡಿಗಳ ಇಳಿಜಾರುಗಳ ಮಧ್ಯಾಂಕ) ಬಳಸಿದರೆ ಒಂದು ಕೆಟ್ಟ ಶಿಖರ ಇಡೀ ಇಳಿಜಾರನ್ನು ಎಳೆದುಕೊಂಡು ಹೋಗುವುದಿಲ್ಲ. ಒಂದೇ ಸಂಖ್ಯೆ ಸಾಕು ಎನ್ನುವವರಿಗೆ ತೆರೆಯುವ ಗರಿಷ್ಠ ಕೋನವೇಗ ಒಳ್ಳೆಯ ಆಯ್ಕೆ, ವೇಗ, ವ್ಯಾಪ್ತಿ ಎರಡನ್ನೂ ಅದು ಹೊತ್ತಿರುತ್ತದೆ.

ತಳಗಂಟು:

ಕೊನೆಯ ಮಾತನ್ನು ಮಾತ್ರ ಒಪ್ಪಲಾರೆ. ಗರಿಷ್ಠ ಕೋನವೇಗ ರೋಗಿಯ ಒಟ್ಟು ಸ್ಥಿತಿ ತಿಳಿಯಲು ಸರಿ, ಚಲನೆಯ ನಿಯಂತ್ರಣ ಅರ್ಥ ಮಾಡಿಕೊಳ್ಳಲು ಸಾಲದು. ಲೆವೊಡೋಪಾ ಕೊಟ್ಟಾಗ ವೇಗವೂ ವ್ಯಾಪ್ತಿಯೂ ಏರುತ್ತವೆ, ಆದರೆ ತಟ್ಟಿನಿಂದ ತಟ್ಟಿಗೆ ಕುಗ್ಗುವ ದರ ಅಷ್ಟಾಗಿ ಸುಧಾರಿಸುವುದಿಲ್ಲ. ಎರಡನ್ನೂ ಒಂದೇ ಸಂಖ್ಯೆಗೆ ಕಟ್ಟಿದರೆ ಔಷಧಿ ಮುಟ್ಟುವ ಭಾಗ ಯಾವುದು, ಮುಟ್ಟದ ಭಾಗ ಯಾವುದು ಎಂಬ ಮುಖ್ಯ ಪ್ರಶ್ನೆಯೇ ಕೈತಪ್ಪುತ್ತದೆ. ನಿಧಾನಗತಿ ಹೇಳಿದ ನಾಲ್ಕು ಅಳತೆಗಳೇ ಇರಲಿ.

ಈ ಬೇರ್ಪಡೆ ಯಾಕೆ ಮುಖ್ಯ ಎಂದರೆ, ಚಲನೆ ನಿಯಂತ್ರಿಸುವ ಮಿದುಳಿನಾಳದ ಭಾಗವಾದ ಬೇಸಲ್ ಗ್ಯಾಂಗ್ಲಿಯಾದಲ್ಲಿ ಡೋಪಮೈನ್ ಕಡಿಮೆಯಾದಾಗ ಸ್ನಾಯುವಿನ ಶಕ್ತಿ ಹೋಗುವುದಿಲ್ಲ. ಮಜ್ಜೋನಿ, ಹ್ರಿಸ್ಟೋವಾ ಮತ್ತು ಕ್ರಾಕೌರ್ 2007ರಲ್ಲಿ ತೋರಿಸಿದಂತೆ, ರೋಗಿಗಳು ಕೇಳಿದ ವೇಗದಲ್ಲಿ ಆರೋಗ್ಯವಂತರಷ್ಟೇ ನಿಖರವಾಗಿ ಕೈ ಚಾಚಬಲ್ಲರು. ಆದರೆ ಆ ವೇಗದ ಚಲನೆಗಳು ಬೇಕಾದಷ್ಟು ಸೇರಲು ಹೆಚ್ಚು ಪ್ರಯತ್ನಗಳು ಬೇಕಾಗುತ್ತವೆ. ಚಲನೆಗೆ ಎಷ್ಟು ಹುರುಪು ಹಾಕಬೇಕೆಂದು ಮಿದುಳು ಹಾಕುವ ಲೆಕ್ಕವೇ ತಗ್ಗಿರುತ್ತದೆ. ಜೋರಾಗಿ ಹುರಿದುಂಬಿಸಿದಾಗ ತಟ್ಟು ದೊಡ್ಡದಾಗುವುದೂ ಈ ಕಾರಣಕ್ಕೇ, ಹಾಗಾಗಿ ಪರೀಕ್ಷೆಯ ನಡುವೆ “ಶಭಾಷ್, ಇನ್ನೂ” ಎನ್ನುವುದೂ ಎಣಿಸಿದಷ್ಟೇ ಕೆಡುಕು.

ನಿಮ್ಮಲ್ಲಿ ಡಿಬಿಎಸ್ (ಮಿದುಳಿನ ಆಳದಲ್ಲಿ ಎಲೆಕ್ಟ್ರೋಡ್ ಇಟ್ಟು ವಿದ್ಯುತ್ತಿನಿಂದ ಪ್ರಚೋದಿಸುವ ಸಾಧನ) ಅಳವಡಿಸಿಕೊಂಡ ರೋಗಿಗಳಿದ್ದರೆ, ಈ ಕೋನದ ದಾಖಲೆಗೆ ನಿಜವಾದ ಬೆಲೆ ಅಲ್ಲಿ ಬರುತ್ತದೆ. ಬೇಸಲ್ ಗ್ಯಾಂಗ್ಲಿಯಾದ ಭಾಗವಾದ ಸಬ್‌ಥಲಾಮಿಕ್ ನ್ಯೂಕ್ಲಿಯಸ್‌ನಲ್ಲಿ 13–30 ಹರ್ಟ್ಜ್‌ನ ಬೀಟಾ ಲಯ, ಅಂದರೆ ಆ ಎಲೆಕ್ಟ್ರೋಡುಗಳಿಂದ ದಾಖಲಿಸಬಹುದಾದ ನರಕೋಶಗಳ ವಿದ್ಯುತ್ ಏರಿಳಿತ, ಔಷಧಿ ಇಲ್ಲದಾಗ ಏರಿರುತ್ತದೆ, ಲೆವೊಡೋಪಾದಿಂದ ಇಳಿಯುತ್ತದೆ. ಪೀಟರ್ ಬ್ರೌನ್ ಮತ್ತು ಸಂಗಡಿಗರು ಇದನ್ನು 2001ರಲ್ಲೇ ವರದಿ ಮಾಡಿದ್ದರು. ಅದು ಒಂದೇ ಸಮನೆ ಇರುವುದಿಲ್ಲ, ಬಿಟ್ಟು ಬಿಟ್ಟು ಸಿಡಿಯುತ್ತದೆ, ಆ ಸಿಡಿತಗಳು ದೀರ್ಘವಾದಷ್ಟೂ ಚಲನೆಯ ತೊಂದರೆ ಹೆಚ್ಚು. ಬೀಟಾ ಶಕ್ತಿಯ 75ನೇ ಪರ್ಸೆಂಟೈಲ್ ದಾಟಿದ್ದನ್ನು ಸಿಡಿತ ಎಂದು ಎಣಿಸುವುದು ರೂಢಿ. ಇಡೀ 15 ಸೆಕೆಂಡಿನ ಸರಾಸರಿ ಬೀಟಾವನ್ನು ಇಡೀ ದಾಖಲೆಯ ಇಳಿಜಾರಿಗೆ ಹೋಲಿಸಬೇಡಿ. ಒಂದೊಂದು ತಟ್ಟಿನ ಹಿಂದಿನ ಅರ್ಧ ಸೆಕೆಂಡಿನಲ್ಲಿ ಸಿಡಿತ ಇತ್ತೇ, ಎಷ್ಟು ಹೊತ್ತು ಇತ್ತು, ಮುಂದಿನ ತಟ್ಟು ಎಷ್ಟು ಕುಗ್ಗಿತು ಎಂದು ನೋಡಿ. ಇದಕ್ಕೆ ಎರಡು ದಾಖಲೆಗಳ ಗಡಿಯಾರ ಕೆಲವು ಹತ್ತು ಮಿಲಿಸೆಕೆಂಡಿನೊಳಗೆ ಕೂಡಬೇಕು. ಸ್ಟಿಮ್ಯುಲೇಶನ್ ಒಮ್ಮೆ ಆನ್-ಆಫ್ ಮಾಡಿದಾಗ ಬೀಳುವ ಗುರುತನ್ನು ಚರ್ಮದ ಮೇಲಿನ ಎಲೆಕ್ಟ್ರೋಡಿನಲ್ಲೂ ಹಿಡಿದು, ಶುರುವಿನಲ್ಲಿ ಮತ್ತು ಕೊನೆಯಲ್ಲಿ ಎರಡು ಸಲ ಹೊಂದಿಸಿ. ಒಂದೇ ಸಲ ಹೊಂದಿಸಿದರೆ ಗಡಿಯಾರಗಳು ನಡುವೆ ಜಾರಿದ್ದು ಗೊತ್ತಾಗುವುದಿಲ್ಲ.

ಅಲೆಶೋಧ:

ರೋಗಿಗಳ ದಾಖಲೆಗೆ ಹೋಗುವ ಮುನ್ನ ಇನ್ನೊಂದು ಕೆಲಸ. ಬಾಗಿಲ ಕೀಲಿನಂಥ ಎರಡು ಪಟ್ಟಿಗೆ ಸ್ಟೆಪ್ಪರ್ ಮೋಟರ್ ಕಟ್ಟಿ 60 ಡಿಗ್ರಿ ತೆರೆಸಿ, ಮುಚ್ಚಿಸಿ, ಗೈರೊ ಸೆನ್ಸರನ್ನು ಅದರ ಮೇಲೆ ಅಂಟಿಸಿ. 2, 4, 5 ಹರ್ಟ್ಜ್‌ನಲ್ಲಿ ಓಡಿಸಿ ನೋಡಿ, ಮೂರರಲ್ಲೂ 60 ಬರಬೇಕು. ಆಮೇಲೆ ತಟ್ಟಿಗೆ ಶೇ. 3 ಕುಗ್ಗುವಂತೆ ಮಾಡಿ, ನಡುವೆ ಒಂದು ಸೆಕೆಂಡ್ ನಿಲ್ಲಿಸಿ ಮತ್ತೆ 60ರಿಂದ ಶುರು ಮಾಡಿಸಿ. ಎರಡು ತುಂಡುಗಳಲ್ಲೂ −0.03 ಬರದಿದ್ದರೆ ಕೋಡಿನಲ್ಲಿ ಇನ್ನೂ ಏನೋ ಉಳಿದಿದೆ. ಮೀಡಿಯಾಪೈಪ್‌ಗೆ ಪಟ್ಟಿ ಕೈಯಾಗಿ ಕಾಣುವುದಿಲ್ಲ, ಆದ್ದರಿಂದ ವಿಡಿಯೊ ಭಾಗಕ್ಕೆ ಇದೇ ಅಲೆಗಳನ್ನು ಕಂಪ್ಯೂಟರಿನಲ್ಲೇ ತಯಾರಿಸಿ, 60 ಫ್ರೇಮ್‌ಗೆ ಇಳಿಸಿ, ಒಂದಿಷ್ಟು ಗದ್ದಲ ಬೆರೆಸಿ ಕೊಡಿ. ಫಿಲ್ಟರಿನ ಕಟ್‌ಆಫ್ ಬದಲಿಸಿದಾಗೆಲ್ಲ ಇದನ್ನು ಮತ್ತೆ ಓಡಿಸಿ.